ಹೂ ಬೀಳದ ಬೆಟ್ಟ

ನಾನು ಒಂದು ಚಿತ್ರ. ಬೆಟ್ಟದ ಚಿತ್ರ. ಹಾಗೆಂದರೆ ಯಾರೂ ನಂಬುವುದಿಲ್ಲ. ನನ್ನೊಳಗೆ ಮರವಿಲ್ಲ, ಹಕ್ಕಿಯಿಲ್ಲ, ಎರಡು ಗುಡ್ಡಗಳ ಸಂದಿಯಿಂದ ಇಣುಕುವ ಸೂರ್ಯನೂ ಇಲ್ಲ. ಒಂದು ಕೆಂಪು ತ್ರಿಕೋನ, ಅದಕ್ಕೆ ಭುಜ ಕೊಟ್ಟು ನಿಂತ ಹಳದಿ ತ್ರಿಕೋನ, ನಡುವೆ ನೀಲಿಯ ಪಟ್ಟೆ, ಮೇಲೆ ಕಿತ್ತಳೆ ಬಣ್ಣದ ಆಕಾಶ, ಅಷ್ಟೆ. ನೋಡಿದವರೆಲ್ಲ ಮೊದಲು ಕೇಳುವುದು "ಇದೇನು?" ಎಂದು. ಕೇಳಿಸಿಕೊಂಡು ಕೇಳಿಸಿಕೊಂಡು ನನಗೆ ರೇಗಿ ಹೋಗಿದೆ. ಬೆಟ್ಟ ಕಣ್ರೀ. ಬೆಟ್ಟವನ್ನು ಕಳೆದುಕೊಂಡವರ ಕಣ್ಣಿಗೆ ಬೆಟ್ಟ ಹೀಗೇ ಕಾಣುತ್ತದೆ.

ನಾನು ಹುಟ್ಟಿದ್ದು ಕೊರಿಯಾ ದೇಶದ ಒಂದು ಬಂದರಿನಲ್ಲಿ, ಒಣಮೀನಿನ ಅಂಗಡಿಯ ಮಹಡಿಯ ಮೇಲೆ. ನನ್ನನ್ನು ಬರೆದವಳು ಮ್ಯೊಂಗ್‌ಜಾ. ಅವಳು ಹುಡುಗಿಯಾಗಿದ್ದಾಗ ಅವಳ ಮನೆಯ ಹಿಂದೆ ಒಂದು ಬೆಟ್ಟವಿತ್ತು. ಬಂದರು ಕಟ್ಟುವವರು ಬಂದು ಆ ಬೆಟ್ಟವನ್ನು ಕಡಿದು, ಕಲ್ಲುಮಣ್ಣನ್ನೆಲ್ಲ ಸಮುದ್ರಕ್ಕೆ ಸುರಿದು, ಅದರ ಮೇಲೆ ಹಡಗುಕಟ್ಟೆ ಮಾಡಿದರು. ಊರಿನವರು ಮನೆ ಬಾಗಿಲಲ್ಲಿ ನಿಂತು ನೋಡಿದರು. ಯಾರೂ ಅಡ್ಡ ಹೋಗಲಿಲ್ಲ. ಆಮೇಲೆ ಇವಳು ಜೀವಮಾನವೆಲ್ಲ ಆ ಒಂದು ಬೆಟ್ಟವನ್ನೇ ಬರೆದಳು.

ಅವಳ ಗಂಡ ಗೋಡೆಗೆ ಗಾರೆ ಮಾಡುತ್ತಿದ್ದವನು. ಅವನು ಸತ್ತ ಮೇಲೆ ಅವನ ಕರಣೆಯನ್ನು ಇವಳು ತೆಗೆದುಕೊಂಡಳು. ಕುಂಚ ಮುಟ್ಟುತ್ತಲೇ ಇರಲಿಲ್ಲ. ಕರಣೆಯಲ್ಲಿ ಬಣ್ಣ ಎತ್ತಿ, ಚೌಕಟ್ಟಿಗೆ ಬಿಗಿದ ಆಳೆತ್ತರದ ಬಟ್ಟೆಯ ಮೇಲೆ ಹೊಡೆದು ಎಳೆಯುತ್ತಿದ್ದಳು. ಇಷ್ಟವಾಗದಿದ್ದರೆ ಕೆರೆದು ಹಾಕಿ ಬೈಯುತ್ತಿದ್ದಳು. ಬೈಗುಳ ಬಣ್ಣಕ್ಕೋ, ಬಂದರಿಗೋ, ತನಗೋ, ನನಗೆ ತಿಳಿಯುತ್ತಿರಲಿಲ್ಲ. ಒಂದು ಬಣ್ಣ ಮೈಮೇಲೆ ಆರುವಷ್ಟರಲ್ಲಿ ಇನ್ನೊಂದು ಬಂದು ಬೀಳುತ್ತಿತ್ತು. ನೆಮ್ಮದಿ ಎಂಬುದನ್ನು ನಾನು ಹುಟ್ಟುವಾಗಲೇ ಕಂಡಿಲ್ಲ.

ಕೆಂಪೂ ಹಳದಿಯೂ ಕೂಡುವ ಕಡೆ ಎರಡು ಕರಣೆಯ ಏಟು ಎದುರುಬದುರಾಗಿ ಬಿದ್ದು, ಬಣ್ಣ ಬೆರಳಿನಷ್ಟು ದಪ್ಪಕ್ಕೆ ಎದ್ದು, ಅಂಚು ಕಟ್ಟಿಕೊಂಡು ಒಣಗಿತು. ಅವಳ ತಂಗಿಯ ಮಗ, ಬೇ ಎಂಬವನು, ನೋಡಲು ಬಂದಾಗ ಅದನ್ನು ಮುಟ್ಟಿ ಹೇಳಿದ: "ದೊಡ್ಡಮ್ಮಾ, ಇಲ್ಲಿ ಸರಿಯಾಗಿ ಕೂತಿಲ್ಲ. ಕೆರೆದುಬಿಡಿ."

"ಕೈ ತೆಗಿ," ಎಂದಳು. "ಬೆಟ್ಟವನ್ನು ಕಡಿದದ್ದು ಅಲ್ಲಿಂದಲೇ."

ಕೆಳಗೆ ಬಲಗಡೆ ಒಂದು ಮೂಲೆಯನ್ನು ಬರಿದಾಗಿ ಬಿಟ್ಟಳು. ಅದು ಬೆಟ್ಟದ ಬುಡ. ಆ ಜಾಗದ ಬಣ್ಣ ಅವಳಿಗೆ ನೆನಪಾಗಲಿಲ್ಲ. ಎಷ್ಟೋ ಸಲ ಕರಣೆ ಹಿಡಿದು ನನ್ನೆದುರು ನಿಂತಳು, ವಾಪಸ್ ಇಟ್ಟಳು. ಸುಳ್ಳು ಬಣ್ಣ ಬಳಿಯುವ ಹೆಂಗಸಲ್ಲ ಅವಳು. ಆ ಬರಿ ಮೂಲೆ ಬಿದ್ದ ಹಲ್ಲಿನ ಜಾಗದ ಹಾಗೆ ನನ್ನನ್ನು ಕಾಡುತ್ತಲೇ ಇತ್ತು.

ಆ ತಂಗಿಯ ಮಗನಿಗೆ ಪರದೇಶದ ಕಾರ್ಖಾನೆಯಲ್ಲಿ ಕೆಲಸವಾಯಿತು. ಹೊರಡುವ ದಿನ ದೊಡ್ಡಮ್ಮ ನನ್ನನ್ನು ಅವನ ಕೈಗೆ ಕೊಟ್ಟಳು. "ಇಲ್ಲಿ ಇದನ್ನು ನೋಡುವವರಿಲ್ಲ, ಎಲ್ಲರೂ ಹಡಗು ನೋಡುತ್ತಾರೆ," ಎಂದಳು. ಪೆಟ್ಟಿಗೆಯೊಳಗೆ ಕತ್ತಲಲ್ಲಿ ಸಮುದ್ರ ದಾಟಿ ನಾನು ಬಂದಿಳಿದದ್ದು ಕೋಲಾರದ ಕಡೆಗೆ.

ಕಾರಿನ ಬಿಡಿಭಾಗ ಮಾಡುವ ಆ ಕಾರ್ಖಾನೆಯಲ್ಲಿ, ಬೇ ಕೂರುತ್ತಿದ್ದ ಕೋಣೆಯ ಗೋಡೆಗೆ ನನ್ನನ್ನು ತೂಗುಹಾಕಿದರು. ಎದುರಿಗೆ ದೊಡ್ಡ ಕಿಟಕಿ. ಕಿಟಕಿಯಾಚೆ ಒಂದು ಬೆಟ್ಟ! ಅದರ ಹೆಸರು ಗಿಣಿಬೆಟ್ಟ ಎಂದು ಆಮೇಲೆ ತಿಳಿಯಿತು. ನಾನು ಕಂಡ ಮೊದಲ ನಿಜವಾದ ಬೆಟ್ಟ ಅದು. ಅದರ ಒಂದು ಪಕ್ಕ ಆಗಲೇ ಇರಲಿಲ್ಲ. ಜಲ್ಲಿ ಕ್ರಷರಿನವರು ತಿಂದಿದ್ದರು. ಮಧ್ಯಾಹ್ನವಾದರೆ ಮದ್ದು ಸಿಡಿಯುತ್ತಿತ್ತು, ಗಾಜು ಅದುರುತ್ತಿತ್ತು, ನಾನು ಮೊಳೆಯ ಮೇಲೆ ವಾಲುತ್ತಿದ್ದೆ. ಬೇ ತಲೆಯೆತ್ತದೆ ಕೆಲಸ ಮಾಡುತ್ತಿದ್ದ. ಅವನಿಗೆ ಅದು ಸದ್ದು. ನನಗೆ ಅದು ಹುಟ್ಟಿದ ಮನೆಯ ಸುದ್ದಿ.

ನನ್ನನ್ನು ನೆಟ್ಟಗೆ ಮಾಡುತ್ತಿದ್ದವಳು ಕಸ ಗುಡಿಸಲು ಬರುತ್ತಿದ್ದ ಪಾಪಕ್ಕ, ಗಿಣಿಬೆಟ್ಟದ ಕೆಳಗಿನ ಹಟ್ಟಿಯವಳು. ಧೂಳು ಒರೆಸುತ್ತ ನನ್ನ ಜೊತೆಗೇ ಜಗಳಕ್ಕೆ ಬೀಳುತ್ತಿದ್ದಳು. "ಏನಮ್ಮಾ ನಿಂದು ದಿನಾ ಇದೇ ಗೋಳು? ನೆಟ್ಟುಗೆ ನಿಂತ್ಕಳಕ್ಕಾಗಲ್ವಾ? ನನ್ ಗಂಡ ಅಲ್ಲಿ ಬಂಡೆ ಒಡೀತಾನೆ, ನೀನಿಲ್ಲಿ ಸೊಟ್ಟಗಾಯ್ತೀಯ, ಇಬ್ರುದ್ನೂ ಸರಿ ಮಾಡಕ್ಕೆ ನಾನೊಬ್ಳು!"

ಅವಳ ಗಂಡ ಸೊಣ್ಣಪ್ಪ ಕ್ವಾರಿಯಲ್ಲಿ ದೊಡ್ಡ ಯಂತ್ರ ಓಡಿಸುತ್ತಿದ್ದ. ಬೆಟ್ಟ ಕಡಿದೇ ಅವರ ಮನೆಯ ಒಲೆ ಉರಿಯುತ್ತಿತ್ತು.

ಕೊನೆಗೆ ಕಾರ್ಖಾನೆ ಬೇರೆ ಊರಿಗೆ ಎದ್ದು ಹೋಯಿತು. ಬೇ ತನ್ನ ದೇಶಕ್ಕೆ ಹೊರಟ. ಒಂದು ಸಲ ನನ್ನ ಮುಂದೆ ನಿಂತ. ಅಳೆಯುವವನ ಹಾಗೆ ಎರಡು ಕೈ ಅಗಲಿಸಿ ನೋಡಿ, ತಲೆಯಾಡಿಸಿ ಹೋಗಿಬಿಟ್ಟ. ದೊಡ್ಡಮ್ಮ ಆಗಲೇ ತೀರಿಕೊಂಡಿದ್ದಳಂತೆ. ಕೇಳುವವರು ಯಾರು? ಮುರಿದ ಕುರ್ಚಿಗಳ ಜೊತೆ ನನ್ನನ್ನು ಅಂಗಳಕ್ಕೆ ಎಸೆದರು. ಪಾಪಕ್ಕ ಸೆರಗನ್ನು ಸಿಂಬಿ ಸುತ್ತಿ, ತಲೆಯ ಮೇಲೆ ನನ್ನನ್ನು ಹೊತ್ತುಕೊಂಡು ಮನೆಗೆ ಬಂದಳು.

"ಏನೇ ಇದು?" ಎಂದ ಸೊಣ್ಣಪ್ಪ. ಮತ್ತೆ ಅದೇ ಪ್ರಶ್ನೆ.

"ಬಚ್ಚಲಿಗೆ ಬಾಗ್ಲು. ನೀನಂತೂ ಇಕ್ಕಿಸ್ಲಿಲ್ಲ."

ಹೀಗೆ ನಾನು ಬಚ್ಚಲ ಬಾಗಿಲಾದೆ. ನನ್ನ ಮುಖ ಒಳಗಡೆಗೆ. ಒಂದು ದಿನ ಸೊಣ್ಣಪ್ಪನ ತಾಯಿ ಯರ್ರಮ್ಮ ನೀರು ಹುಯ್ದುಕೊಳ್ಳುತ್ತಿದ್ದವಳು ಚೊಂಬು ಹಾಗೇ ಹಿಡಿದು ಕೂತುಬಿಟ್ಟಳು. ಅವಳು ಉಳಿ ಸುತ್ತಿಗೆ ಹಿಡಿದು ಬಂಡೆ ಒಡೆದು ಬಾಳಿದವಳು. ನನ್ನನ್ನು ನೋಡುತ್ತ ನೋಡುತ್ತ ಕೂಗಿದಳು: "ಏ ಪಾಪಕ್ಕಾ! ಇದು ಗಿಣಿಬೆಟ್ಟ ಕಣೇ! ಇಗಾ, ಸಂಜೆ ಬಿಸ್ಲಿಗೆ ಕೆಂಪಾಗ್ತಿತ್ತಲ್ಲ, ಆ ಬಂಡೆ. ಇಲ್ಲಿ ರಾಗಿ ಒಣಗಿಕ್ತಿದ್ದಿದ್ದು. ಈ ನೀಲಿದು ದೊಣೆ ನೀರು. ಯಾವ ಪುಣ್ಯಾತ್ಮ ಬರೆದ್ನೇ?"

"ಯಾರೋ ಕೊರಿಯಾದೋರು ಅತ್ತೆ. ಅವ್ರು ನಿಮ್ ರಾಗಿ ಎಲ್ ಕಂಡವ್ರೆ? ಬೇಗ ನೀರ್ ಹುಯ್ಕಳಿ, ಥಂಡಿ ಆಯ್ತದೆ."

ನನಗೆ ಗೊತ್ತು, ಅದು ಗಿಣಿಬೆಟ್ಟವಲ್ಲ. ಆದರೆ ಯರ್ರಮ್ಮ ತಪ್ಪು ಹೇಳಿದಳೆಂದು ಯಾರಾದರೂ ಅನ್ನಲಿ ನೋಡೋಣ. ಎಷ್ಟೋ ಜನ ನೋಡಿ "ಇದೇನು" ಎಂದಿದ್ದರು. ಕೇಳದೆ ಗುರುತಿಸಿದವಳು ಅವಳೊಬ್ಬಳು.

ಆ ಮನೆಯಲ್ಲಿ ರಾತ್ರಿಯ ಊಟಕ್ಕಿಂತ ಜಗಳವೇ ಜಾಸ್ತಿ ಇತ್ತು. ಕಲ್ಲೊಡೆಯುವ ಆ ಜನರಲ್ಲಿ ಹಿಂದೆ ಒಂದು ಪದ್ಧತಿ ಇತ್ತು. ಹೊಸ ಪಕ್ಕಕ್ಕೆ ಮೊದಲ ಏಟು ಹಾಕುವ ಮುಂಚೆ ಬೆಟ್ಟದ ಅಪ್ಪಣೆ ಕೇಳಬೇಕು. ಬುಡದಲ್ಲಿ ಒಂದು ಕಲ್ಲಿತ್ತು, ಅದಕ್ಕೆ ಅರಿಶಿನ ಬಳಿದು ಕಣಗಿಲೆ ಹೂ ಅಂಟಿಸುವುದು. ಹೂ ಬಲಕ್ಕೆ ಬಿದ್ದರೆ ಒಡೆಯಬಹುದು. ಎಡಕ್ಕೆ ಬಿದ್ದರೆ ಆ ಪಕ್ಕ ಬಿಡಬೇಕು. ಬೀಳದಿದ್ದರೆ ಬೀಳುವ ತನಕ ಕಾಯಬೇಕು. ಯಂತ್ರ ಬಂದ ಮೇಲೆ ಕೇಳುವುದು ನಿಂತಿತು. ಆ ಕಲ್ಲನ್ನೂ ಒಂದು ಬೆಳಿಗ್ಗೆ ಸೊಣ್ಣಪ್ಪನೇ ಟಿಪ್ಪರಿಗೆ ತುಂಬಿಬಿಟ್ಟಿದ್ದ. ಗೊತ್ತಿದ್ದು ತುಂಬಿದನೋ, ಗೊತ್ತಿಲ್ಲದೆಯೋ, ತಾಯಿ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಈಗ ಒಂದೂ ಏಟು ಬೀಳದೆ ಉಳಿದಿದ್ದು ಹಟ್ಟಿಯ ಕಡೆಯ ಒಂದು ಪಕ್ಕ ಮಾತ್ರ, ಬಂಡೆಯ ಕುಳಿಯಲ್ಲಿ ನೀರು ನಿಲ್ಲುವ ದೊಣೆಯಿದ್ದ ಪಕ್ಕ. ಹಟ್ಟಿಯವರು ಕುಡಿಯುತ್ತಿದ್ದದ್ದು ಅಲ್ಲಿನ ನೀರು. ಅದನ್ನೂ ಒಡೆಯಬೇಕೆಂದು ಸೂಪರ್‌ವೈಸರ್ ರುದ್ರೇಶಿ ಸೊಣ್ಣಪ್ಪನಿಗೆ ಹೇಳಿ ಕಳಿಸಿದ.

"ನಾನಿಲ್ಲ ಅಂದ್ರೆ ಇನ್ನೊಬ್ಬ ಬತ್ತಾನೆ. ನಾವು ತಿನ್ನೋದೇನು, ಮಣ್ಣಾ?" ಎಂದು ತಟ್ಟೆ ತಳ್ಳಿದ ಸೊಣ್ಣಪ್ಪ.

"ಒಡಿ, ಯಾರ್ ಬ್ಯಾಡಂದ್ರು? ನಿಮ್ಮಪ್ಪಾನೂ ಒಡೆದ. ಆದ್ರೆ ಕೇಳಿ ಒಡೆದ," ಎಂದಳು ಯರ್ರಮ್ಮ.

"ಯಾರ್ನ ಕೇಳ್ಲಿ? ಕಲ್ಲೆಲ್ಲೈತೆ?"

ಅವಳು ಎದ್ದು ಬಚ್ಚಲ ಕಡೆಗೆ ನಡೆದಳು.

ಬೆಳಿಗ್ಗೆ ಯಂತ್ರ ಗುಡುಗುತ್ತ ಬಂದಾಗ ನಾನು ಬೆಟ್ಟದ ಬುಡದಲ್ಲಿ, ಆ ಕಲ್ಲಿದ್ದ ಜಾಗದಲ್ಲೇ, ಬಂಡೆಗೆ ಒರಗಿ ನಿಂತಿದ್ದೆ. ಯರ್ರಮ್ಮ ಅರಿಶಿನ ಕಲಸಿ ತಂದಿದ್ದಳು. ಎಲ್ಲಿ ಬಳಿಯಲಿ ಎಂದು ಹುಡುಕಿ, ಬಲಗಡೆಯ ಬರಿ ಮೂಲೆಗೆ ಅಂಗೈ ಒತ್ತಿ ಬಳಿದಳು. ಅಯ್ಯೋ ಮ್ಯೊಂಗ್‌ಜಾ, ಬುಡದ ಬಣ್ಣ ಇದೇ ಇರಬಹುದಿತ್ತಲ್ಲ! ಆಮೇಲೆ ಕಣಗಿಲೆ ಹೂವನ್ನು ಕೆಂಪು ಹಳದಿ ಕೂಡುವ ಆ ದಪ್ಪ ಅಂಚಿನ ಮೇಲೆ ಇಟ್ಟಳು. ಇಟ್ಟು, ಯಾರಿಗೂ ಕಾಣದ ಹಾಗೆ ಹೆಬ್ಬೆರಳಿನಿಂದ ಒಂದಿಷ್ಟು ಒತ್ತಿದಳು. ಅದು ಗೊತ್ತಾದದ್ದು ನನಗೆ ಮಾತ್ರ.

ಸೊಣ್ಣಪ್ಪ ಇಳಿದು ಬಂದ. "ಅಮ್ಮಾ, ಇದು ಚಿತ್ರ. ಬೆಟ್ಟ ಅಲ್ಲ."

"ಹೂನಪ್ಪ. ಬೆಟ್ಟಾನ ನೀನು ಟಿಪ್ಪರ್‌ಗೆ ತುಂಬಿದೀಯಲ್ಲ. ಉಳ್ದಿರೋದ್ನೇ ಕೇಳು."

ಅವನು ಯಂತ್ರದ ಕಡೆ ಒಮ್ಮೆ ತಿರುಗಿ ನೋಡಿದ. ಆಮೇಲೆ ಚಪ್ಪಲಿ ಬಿಟ್ಟ. ಹಟ್ಟಿಯ ಜನ ಒಬ್ಬೊಬ್ಬರಾಗಿ ಬಂದು ಸುತ್ತ ಕೂತರು. ಬಿಸಿಲು ಏರಿತು. ಹೂ ಬೀಳಲಿಲ್ಲ. ನುಣ್ಣನೆ ಕಲ್ಲಾಗಿದ್ದರೆ ಯಾವಾಗಲೋ ಜಾರುತ್ತಿತ್ತು. ಗಾಳಿ ಬೀಸಿತು, ಆಗಲೂ ಬೀಳಲಿಲ್ಲ.

ರುದ್ರೇಶಿ ಬೈಕಿನಲ್ಲಿ ಹಾರಿ ಬಂದ. "ಏನ್ರೋ ನಾಟ್ಕ? ಯಂತ್ರದ ಬಾಡ್ಗೆ ನಿಮ್ಮಪ್ಪ ಕೊಡ್ತಾನಾ?"

"ಅಪ್ಣೆ ಆಗಿಲ್ಲ ಸಾರ್."

"ಆ ಹೂ ತಾನೆ? ನಾನೇ ಬೀಳಿಸ್ತೀನಿ, ಬಲಕ್ಕೇ ಬೀಳಿಸ್ತೀನಿ," ಎಂದು ಕೈ ಚಾಚಿದ.

ಸೊಣ್ಣಪ್ಪ ಆ ಕೈ ಹಿಡಿದುಕೊಂಡ. "ನೀವ್ ಬೀಳ್ಸಿದ್ರೆ ಅದು ನಿಮ್ ಮಾತು ಸಾರ್. ಬೆಟ್ಟದ್ದಲ್ಲ."

"ಹಂಗಾದ್ರೆ ಕೀ ಇಕ್ಕು. ನಾಳೆಯಿಂದ ಬರಬ್ಯಾಡ."

ಸೊಣ್ಣಪ್ಪ ಕೀಯನ್ನು ಅವನ ಬೈಕಿನ ಸೀಟಿನ ಮೇಲೆ ಇಟ್ಟ. ಪಾಪಕ್ಕ ಅಲ್ಲೇ ಮುಖ ಮುಚ್ಚಿಕೊಂಡು ಅತ್ತಳು, ಅತ್ತು ಗಂಡನಿಗೆ ಬೈದಳು, ಬೈದು ಕಣ್ಣೊರೆಸಿಕೊಂಡು ನನ್ನ ಪಕ್ಕದಲ್ಲೇ ಕೂತಳು.

ಹೊರಗಿನಿಂದ ಬೇರೆ ಚಾಲಕನನ್ನು ಕರೆಸಿದರು. ಅವನು ಅರಿಶಿನ ನೋಡಿದ, ಹೂ ನೋಡಿದ, ಎಂಜಿನ್ ಆರಿಸಿದ. ಮದ್ದಿನ ಜೊತೆ ದಿನಾ ಬದುಕುವವರು ಇಂಥದ್ದನ್ನು ದಾಟುವುದಿಲ್ಲ. ಸದ್ಯಕ್ಕೆ ಯಂತ್ರವನ್ನು ಬೆಟ್ಟದ ಆಚೆ ಪಕ್ಕಕ್ಕೆ ತಿರುಗಿಸಿದ್ದಾರೆ. ಸದ್ಯಕ್ಕೆ, ಅಷ್ಟೆ. ಸೊಣ್ಣಪ್ಪ ಈಗ ಇಟ್ಟಿಗೆ ಗೂಡಿಗೆ ಹೋಗುತ್ತಾನೆ. ಸಂಜೆ ಬಂದು ನನ್ನನ್ನು ನೋಡುತ್ತಾನೆ. ಯರ್ರಮ್ಮ ಒಣಗಿದ ಹೂ ತೆಗೆಯುವ ಮೊದಲೇ ಅದರ ಪಕ್ಕ ಹೊಸದನ್ನು ಕೂರಿಸುತ್ತಾಳೆ. "ಅತ್ತೆ, ವಸಿ ಒತ್ತಿ ಇಕ್ಕಿ," ಎಂದು ಪಾಪಕ್ಕ ಮೆಲ್ಲಗೆ ಚುಚ್ಚುತ್ತಾಳೆ. "ಬಾಯ್ ಮುಚ್ಚೇ," ಎನ್ನುತ್ತಾಳೆ ಅತ್ತೆ. ಅಂದರೆ ಗುಟ್ಟು ನನ್ನದು ಮಾತ್ರ ಅಲ್ಲ.

ನನಗೆ ವಯಸ್ಸಾಯಿತು. ತಲೆಯ ಮೇಲೆ ಒಂದು ತಗಡು ಕಟ್ಟಿದ್ದಾರೆ, ಆದರೂ ಮಳೆಯ ಇರಚಲು ಹೊಡೆಯುತ್ತದೆ, ಬಿಸಿಲು ಸುಡುತ್ತದೆ. ಕಿತ್ತಳೆ ಆಕಾಶ ಹೊಪ್ಪಳೆ ಹೊಪ್ಪಳೆಯಾಗಿ ಉದುರಿದೆ. ಆಚೆ ಪಕ್ಕದಲ್ಲಿ ಮದ್ದು ಸಿಡಿದಾಗಲೆಲ್ಲ ಆ ದಪ್ಪ ಅಂಚಿನಲ್ಲಿ ಒಂದು ಬಿರುಕು ಸರಿಯುವುದು ನನಗೆ ಗೊತ್ತಾಗುತ್ತದೆ. ಒಂದು ದಿನ ಅಂಚು ಕಳಚುತ್ತದೆ, ಜೊತೆಗೆ ಹೂವೂ. ಬಲಕ್ಕೋ ಎಡಕ್ಕೋ ನಾನು ಹೇಗೆ ಹೇಳಲಿ? ಅದಕ್ಕೇ ನನಗೆ ನಿದ್ದೆಯಿಲ್ಲ. ಮುದಿ ವಸ್ತುಗಳಿಗೆ ನೆಮ್ಮದಿ ಸಿಗುತ್ತದೆ ಎನ್ನುವವರು ಬಂದು ಒಂದು ದಿನ ನನ್ನ ಜಾಗದಲ್ಲಿ ನಿಂತು ನೋಡಲಿ.

ಅವತ್ತು ಮ್ಯೊಂಗ್‌ಜಾಳ ಬೆಟ್ಟದ ಮುಂದೆ ಯಾರೂ ನಿಲ್ಲಲಿಲ್ಲ. ಅದಕ್ಕೇ ನಾನು ಹುಟ್ಟಬೇಕಾಯಿತು. ಇವತ್ತು ಈ ಬೆಟ್ಟದ ಮುಂದೆ ನಾನು ನಿಂತಿದ್ದೇನೆ. ಆಚೆ ಮತ್ತೆ ಮದ್ದು ತುಂಬುತ್ತಿದ್ದಾರೆ, ಸೀಟಿ ಊದಿದರು. ಹೂವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ.