ಹಿಂದಿನ ಆಕ್ಸಲಿನ ನಂಬರು

ಹಳೇ ಲಾರಿಗಳ ಮೈಮೇಲಿನ ನಂಬರು ಹುಡುಕಿಕೊಡುವುದೇ ಅವನ ಕಸುಬಾಗಿದ್ದರಿಂದ ಊರಿನವರು ಅವನನ್ನು ನಂಬರಪ್ಪ ಎಂದೇ ಕರೆಯುತ್ತಿದ್ದರು. ಹೆತ್ತ ತಾಯಿಯ ಬಾಯಲ್ಲೂ ಕೊನೆಕೊನೆಗೆ ಅದೇ ಹೆಸರು ನಿಂತಿತ್ತು. ಐವತ್ತು ಅರವತ್ತು ವರ್ಷದ ಲಾರಿಗಳನ್ನು ಆಸೆಪಟ್ಟು ಕೊಂಡು ರಿಪೇರಿ ಮಾಡಿಸುವ ಜನ ಕೆಲವರಿದ್ದಾರೆ. ಕಾಗದದಲ್ಲಿರುವ ನಂಬರೂ ಚಾಸಿಯ ಮೇಲಿನ ನಂಬರೂ ಒಂದೇ ಎಂದು ಖಾತ್ರಿಯಾಗದೆ ಅವರ ಹೆಸರಿಗೆ ಗಾಡಿ ಆಗುವುದಿಲ್ಲ. ತುಕ್ಕು, ಗ್ರೀಸು, ಏಳೆಂಟು ಪದರ ಬಣ್ಣ ಇವುಗಳ ಕೆಳಗೆ ಆ ನಂಬರು ಎಲ್ಲಿ ಅಡಗಿದೆ ಎಂದು ಹೇಳಬಲ್ಲವನು ಸುತ್ತಮುತ್ತ ಅವನೊಬ್ಬನೇ.

ಆ ದಿನ ಬೆಳಿಗ್ಗೆ ಅವನನ್ನು ಗುಜರಿ ಅಂಗಳಕ್ಕೆ ಕರೆಸಿದವರು ಹಲ್ಲಿನ ಡಾಕ್ಟರು. ಹಳೇ ಲಾರಿ ಎಂದರೆ ಅವರಿಗೆ ಪ್ರಾಣ. ಕ್ಯಾಬಿನ್ನೂ ಇಲ್ಲದ, ಟೈರೂ ಇಲ್ಲದ, ಬರೀ ಎಲುಬಿನ ಗೂಡಾಗಿ ನಾಲ್ಕು ಮರದ ತುಂಡುಗಳ ಮೇಲೆ ಕೂತಿದ್ದ ಲಾರಿಯೊಂದನ್ನು ತೋರಿಸಿ, "ಬಾಯಿ ತೆರೆಸಿ ನೋಡಪ್ಪ, ಒಂದಾದ್ರೂ ಹಲ್ಲು ಉಳಿದಿದ್ಯಾ" ಎಂದರು.

ನಂಬರಪ್ಪ ನಕ್ಕು, ಬಲಗಡೆ ಮುಂದಿನ ಸ್ಪ್ರಿಂಗ್ ಪಟ್ಟಾ ಸಿಕ್ಕಿಸುವ ಜಾಗದ ಹತ್ತಿರ ಕುಕ್ಕರಗಾಲಲ್ಲಿ ಕೂತ. ಸೀಮೆಎಣ್ಣೆ ಬಳಿದ. ಹಿತ್ತಾಳೆ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿದ. ಕಬ್ಬಿಣ ಬೆತ್ತಲಾದ ಮೇಲೆ ಸೀಮೆಸುಣ್ಣ ಸವರಿ, ಟಾರ್ಚನ್ನು ಓರೆಯಾಗಿ ಹಿಡಿದ. ಅಂಕಿಗಳು ಬಿಳಿಯಾಗಿ ಎದ್ದು ಕಂಡವು. ಅವನು ಅವುಗಳನ್ನು ಓದಲಿಲ್ಲ. ಬೆರಳಿನಿಂದ ಸವರಿ ನೋಡಿದ.

"ಏನಾಯ್ತು?" ಎಂದರು ಡಾಕ್ಟರು.

"ಇದು ಹುಟ್ಟಿದಾಗಿನ ನಂಬರಲ್ಲ ಡಾಕ್ಟ್ರೇ. ಇಲ್ಲಿ ಕಬ್ಬಿಣ ತೆಳ್ಳಗಾಗಿದೆ. ಹಳೇದನ್ನ ಉಜ್ಜಿ ತೆಗೆದು ಬೇರೆ ಹೊಡೆದಿದ್ದಾರೆ."

"ಕದ್ದ ಮಾಲಾ?"

"ನೋಡೋಣ ಇರಿ. ಚಾಸಿ ನಂಬರನ್ನ ಯಾರೂ ಮರೆಯಲ್ಲ. ಆಕ್ಸಲಿಗೂ ನಂಬರಿರುತ್ತೆ ಅನ್ನೋದು ಮುಕ್ಕಾಲು ಪಾಲು ಕಳ್ಳರಿಗೆ ಗೊತ್ತಿರಲ್ಲ."

ಗೋಣಿಚೀಲ ಹಾಸಿಕೊಂಡು ಅಂಗಾತ ಮಲಗಿ ಅವನು ಹಿಂದಿನ ಆಕ್ಸಲಿನ ಕೆಳಗೆ ಸರಿದ. ಗ್ರೀಸು ಒಣಗಿ ಕಲ್ಲಿನಂತಾಗಿತ್ತು. ಕೆರೆದು ತೆಗೆಯುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಐದು ಅಂಕಿಗಳು. ಅವುಗಳಲ್ಲಿ ಎರಡು ಏಳು. ಎರಡಕ್ಕೂ ಕಾಲಿನ ತುದಿ ಇರಲಿಲ್ಲ.

ಆ ಏಳುಗಳನ್ನು ಹೊಡೆದವನು ನಂಬರಪ್ಪನೇ. ಕಾರ್ಖಾನೆಯವರು ಹೊಡೆದದ್ದಲ್ಲ ಅದು. ಅಣ್ಣನ ಲಾರಿಯ ಆಕ್ಸಲ್ ಮುರಿದಾಗ ಬೇರೊಂದನ್ನು ತಂದು ಕೂರಿಸಿ, ನಂಬರಿಲ್ಲದಿದ್ದರೆ ತಪಾಸಣೆಯವರು ಬಿಡುವುದಿಲ್ಲವೆಂದು ತಾನೇ ಸುತ್ತಿಗೆ ಹಿಡಿದು ಹೊಡೆದಿದ್ದ. ಅಂಕಿ ಹೊಡೆಯುವ ಅಚ್ಚು ಅಪ್ಪನ ಕಾಲದ್ದು. ಏಳರ ಕಾಲು ಮುರಿದಿತ್ತು. "ನಿನ್ನ ಏಳು ಕುಂಟುತ್ತಲ್ಲೋ" ಎಂದು ಅಣ್ಣ ಪಕ್ಕದಲ್ಲಿ ನಿಂತು ನಕ್ಕಿದ್ದ. ಅದಾದ ನಾಲ್ಕನೇ ತಿಂಗಳಿಗೆ ಅಣ್ಣ ಲಾರಿಯ ಸಮೇತ ಕಾಣೆಯಾದ. ಇಪ್ಪತ್ತಾರು ವರ್ಷದ ಹಿಂದಿನ ಮಾತು.

ಡಾಕ್ಟರು ಬಗ್ಗಿ, "ಒಳಗೇ ನಿದ್ದೆ ಹೋದ್ಯೇನಪ್ಪ?" ಎಂದರು. ನಂಬರಪ್ಪ ಹೊರಕ್ಕೆ ಸರಿದು ಬಂದ. "ಈ ಗಾಡಿ ನೀವು ತಗೋಬೇಡಿ" ಎಂದಷ್ಟೇ ಹೇಳಿದ.

ಅಣ್ಣ ಕಾಣೆಯಾದಾಗ ಠಾಣೆಯ ಅಧಿಕಾರಿ ಕೇಳಿದ್ದು ಎರಡೇ ಪ್ರಶ್ನೆ. ಸಾಲಸೋಲ ಇತ್ತೇ ಎಂಬುದು ಮೊದಲನೆಯದು, ಇರಲಿಲ್ಲ. ಎರಡನೆಯದು, ಬೇರೆ ಹೆಂಗಸಿನ ಸಹವಾಸ ಇತ್ತೇ ಎಂದು. ಅಣ್ಣ ಕಾಣೆಯಾಗುವ ಹಿಂದಿನ ವಾರವಷ್ಟೇ ಅಪ್ಪನ ಷೆಡ್ಡು ಯಾರಿಗೆ ಎಂಬ ವಿಷಯಕ್ಕೆ ಅಣ್ಣತಮ್ಮಂದಿರು ಕೈಕೈ ಮಿಲಾಯಿಸಿದ್ದರು. ಅಣ್ಣನ ಏಟಿಗೆ ಒಡೆದ ತುಟಿ ಇನ್ನೂ ಊದಿಕೊಂಡಿತ್ತು. ಆ ತುಟಿಯಿಂದಲೇ ನಂಬರಪ್ಪ, "ಇದ್ದರೂ ಇರಬಹುದು" ಎಂದ. ಅಧಿಕಾರಿ ಅದನ್ನು ಬರೆದುಕೊಂಡ. ಫೈಲು ಅಲ್ಲಿಗೆ ಮುಚ್ಚಿತು. ಹುಡುಕಾಟವೂ ನಿಂತಿತು. ಊರಿನ ಬಾಯಲ್ಲಿ 'ಇರಬಹುದು' ಹೋಗಿ 'ಇತ್ತು' ಆಗುವುದಕ್ಕೆ ವಾರವೂ ಹಿಡಿಯಲಿಲ್ಲ. ಅತ್ತಿಗೆ ಗಂಡ ಬಿಟ್ಟುಹೋದವಳಾದಳು. ಅವಳ ಮಗಳನ್ನು ನೋಡಲು ಬಂದ ಮೂರು ಮನೆಯವರು, ಅಪ್ಪ ಓಡಿಹೋದವನು ಎಂದು ತಿಳಿದು ಹಿಂದೆ ಸರಿದರು. ನಂಬರಪ್ಪ ಪ್ರತಿ ಭಾನುವಾರ ತಪ್ಪದೆ ಅತ್ತಿಗೆಯ ಮನೆಗೆ ಹೋಗಿ ಕಷ್ಟಸುಖ ವಿಚಾರಿಸಿ ಬರುತ್ತಿದ್ದ. ಠಾಣೆಯಲ್ಲಿ ತಾನು ಹೇಳಿದ್ದನ್ನು ಮಾತ್ರ ಯಾವತ್ತೂ ಬಾಯಿಬಿಡಲಿಲ್ಲ.

ಲಾರಿ ಎಲ್ಲಿಂದ ಬಂತೆಂದು ಕೇಳಿದಾಗ ಗುಜರಿಯವನು ಮುಚ್ಚುಮರೆ ಮಾಡಲಿಲ್ಲ. ಮುಚ್ಚಿಹೋದ ಕಲ್ಲು ಕ್ವಾರಿಯೊಂದರಿಂದ ಹರಾಜಿನಲ್ಲಿ ಎತ್ತಿಕೊಂಡು ಬಂದದ್ದು ಎಂದ. ನಂಬರಪ್ಪ ಮರುದಿನವೇ ಅಲ್ಲಿಗೆ ಹೋದ. ಕ್ವಾರಿಯ ಮಾಲೀಕ ಸತ್ತು ಎಂಟು ವರ್ಷವಾಗಿತ್ತು. ಉಳಿದವನೆಂದರೆ ತಗಡಿನ ಕೋಣೆಯಲ್ಲಿದ್ದ ಮುದಿ ಕಾವಲುಗಾರ. ಕಲ್ಲಿನ ಧೂಳು ಕುಡಿದೂ ಕುಡಿದೂ ಅವನ ಎದೆ ಸೀಟಿ ಹೊಡೆಯುತ್ತಿತ್ತು. ಹಳೇ ಲಾರಿಯ ಮಾತು ಎತ್ತುತ್ತಲೇ ಅವನು ನಂಬರಪ್ಪನ ಮುಖವನ್ನೇ ನೋಡಿದ.

"ನೀನು ಅವನಿಗೆ ಏನಾಗಬೇಕು?"

"ತಮ್ಮ."

"ಹೋಲ್ತೀಯ" ಎಂದು ಅವನು ಮಂಚದ ಮೇಲೆ ಜಾಗ ಬಿಟ್ಟುಕೊಟ್ಟ. "ಕೊಲೆ ಅಂತ ತಿಳ್ಕೋಬೇಡ. ಸಿಡಿಮದ್ದಿಗೆ ಬೆಂಕಿ ಕೊಡೋ ಮುಂಚೆ ಕೂಗಬೇಕಿತ್ತು, ಯಾರೂ ಕೂಗಲಿಲ್ಲ. ನಿಮ್ಮಣ್ಣ ಬೆಳಿಗ್ಗೆ ಕಲ್ಲು ತುಂಬೋಕೆ ಬಂದಿದ್ದ. ಬಂಡೆಚೂರು ಹಾರಿ ಬಂದು ಸೊಂಟಕ್ಕೆ ಬಿತ್ತು."

"ಆಸ್ಪತ್ರೆಗೆ?"

ಕಾವಲುಗಾರ ಬಹಳ ಹೊತ್ತು ಕೆಮ್ಮಿದ. "ಕ್ವಾರಿಗೆ ಪರವಾನಗಿ ಇರಲಿಲ್ಲ. ಆಸ್ಪತ್ರೆಗೆ ಹೋದ್ರೆ ಪೊಲೀಸರು ಬರ್ತಾರೆ ಅಂದ್ರು ಯಜಮಾನ್ರು. ಮಧ್ಯಾಹ್ನದವರೆಗೂ ಜೀವ ಇತ್ತಪ್ಪ. ನಾನೇ ನೀರು ಕುಡಿಸಿದೆ. ಮನೆಗೆ ಹೇಳಿಕಳಿಸಿ ಅಂತಿದ್ದ. ಆಮೇಲೆ ಅನ್ನಲಿಲ್ಲ." ಹಳ್ಳದ ಆಚೆ ಒಡೆದ ಕಲ್ಲಿನ ರಾಶಿಯತ್ತ ಕೈ ತೋರಿಸಿದ. "ಒಂದು ತಿಂಗಳು ಹೆದರಿಕೆಯಲ್ಲೇ ಇದ್ವಿ. ಯಾರೂ ಹುಡುಕಿಕೊಂಡು ಬರಲಿಲ್ಲ. ಆಮೇಲೆ ಲಾರಿಗೆ ಬೇರೆ ನಂಬರು ಹೊಡೆಸಿ ಇಲ್ಲೇ ಓಡಿಸಿದ್ರು."

ಯಾರೂ ಬರಲಿಲ್ಲ ಎಂಬ ಮಾತು ನಂಬರಪ್ಪನನ್ನು ಬಸ್ಸಿನ ದಾರಿಯುದ್ದಕ್ಕೂ ತಿಂದಿತು. ಅವನು ತನ್ನ ಮನೆಗೆ ಹೋಗದೆ ನೇರವಾಗಿ ಅತ್ತಿಗೆಯ ಮನೆಗೆ ಹೋದ. ಅವಳು ಹೊಲಿಗೆ ಯಂತ್ರದ ಮುಂದೆ ಕೂತು ಶಾಲೆಯ ಸಮವಸ್ತ್ರಕ್ಕೆ ಕಾಜ ಹಾಕುತ್ತಿದ್ದಳು. "ಇವತ್ತು ಭಾನುವಾರ ಅಲ್ಲವಲ್ಲ" ಎಂದಳು.

ಅವನು ನಿಂತುಕೊಂಡೇ ಎಲ್ಲ ಹೇಳಿದ. ಆಕ್ಸಲ್, ಕ್ವಾರಿ, ಕಲ್ಲಿನ ರಾಶಿ. ಕೊನೆಗೆ ಠಾಣೆಯಲ್ಲಿ ತಾನು ಆಡಿದ ಮಾತನ್ನೂ ಹೇಳಿದ. ಅತ್ತಿಗೆ ಅಳಲಿಲ್ಲ. ಯಂತ್ರದ ಗಾಲಿಯ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದಳು.

"ಹಾಗಾದ್ರೆ ಅವರು ಬಿಟ್ಟುಹೋಗಿರಲಿಲ್ಲ."

"ಇಲ್ಲ ಅತ್ತಿಗೆ."

"ಒದ್ದಾಡಿದ್ರಾ?"

ಅವನು ನೆಲ ನೋಡಿದ. "ಇಲ್ಲ. ಕಲ್ಲು ಬಿದ್ದ ತಕ್ಷಣ ಹೋಗಿತ್ತಂತೆ."

ಅವಳು ತಲೆಯಾಡಿಸಿದಳು. "ಅಷ್ಟಾದ್ರೂ ಆಯ್ತಲ್ಲ" ಎಂದಳು.

ದೂರು ಕೊಟ್ಟ ಮೇಲೆ ಅಗೆಯುವ ಯಂತ್ರ ತರಿಸುವುದಕ್ಕೇ ಎರಡು ತಿಂಗಳಾಯಿತು. ಅಗೆಯಲು ತೊಡಗಿದ ಮೂರನೆಯ ದಿನ ಎಲುಬುಗಳು ಸಿಕ್ಕವು. ಅಣ್ಣನ ಮಗಳ ರಕ್ತದ ಜೊತೆ ಹೋಲಿಸಿ, ಅವನವೇ ಎಂದು ಪ್ರಯೋಗಾಲಯದವರು ಬರೆದುಕೊಟ್ಟರು. ಮಣ್ಣು ಮಾಡುವ ದಿನ ಊರಿನವರೆಲ್ಲ ಬಂದರು. ಹೆಣ್ಣು ನೋಡಿ ಹಿಂದೆ ಸರಿದಿದ್ದ ಆ ಮೂರು ಮನೆಗಳ ಪೈಕಿ ಒಂದು ಮನೆಯವರೂ ಬಂದು ಹಿಂದೆ ನಿಂತಿದ್ದರು. ಅಣ್ಣನ ಮಗಳಿಗೆ ಆಗ ಮೂವತ್ತೊಂದು. ಅವಳು ಯಾರನ್ನೂ ಮಾತನಾಡಿಸಲಿಲ್ಲ.

ಪೊಲೀಸ್ ವರದಿಯ ನಕಲು ಅತ್ತಿಗೆಯ ಕೈಸೇರಿದ್ದು ಅದಾದ ಮೇಲೆ. ಕಾವಲುಗಾರ ಸಾಯುವ ಮುಂಚೆ ಕೊಟ್ಟ ಹೇಳಿಕೆ ಅದರಲ್ಲಿ ಪೂರ್ತಿ ಇತ್ತು. ಮಧ್ಯಾಹ್ನದವರೆಗೆ ಜೀವವಿದ್ದದ್ದು, ನೀರು ಕುಡಿಸಿದ್ದು, ಮನೆಗೆ ಹೇಳಿಕಳಿಸಿ ಎಂದದ್ದು. ಭಾನುವಾರ ನಂಬರಪ್ಪ ಬಂದಾಗ ಅವಳು ಬಾಗಿಲಲ್ಲೇ ನಿಂತಿದ್ದಳು. ಚಪ್ಪಲಿ ಬಿಡಲು ಹೋದವನನ್ನು ತಡೆದಳು.

"ಅವರ ವಿಷಯದಲ್ಲಿ ನೀನು ಎರಡು ಸಲ ಬಾಯಿ ಬಿಟ್ಟೆ. ಎರಡು ಸಲಾನೂ ನಿನಗೆ ಅನುಕೂಲ ಆಗಿದ್ದನ್ನೇ ಹೇಳ್ದೆ."

"ನಿಮಗೆ ನೋವಾಗಬಾರದು ಅಂತ, ಅತ್ತಿಗೆ."

"ಆ ನೋವು ನನ್ನದು. ಅದನ್ನ ಕೊಡೋಕೂ ಬಿಡೋಕೂ ನೀನು ಯಾರು? ಮನೆಗೆ ಹೇಳಿಕಳಿಸಿ ಅಂದಿದ್ರು ಅವರು. ಇಪ್ಪತ್ತಾರು ವರ್ಷ ಆದ ಮೇಲೆ ಆ ಮಾತು ಬಂತು. ಅದನ್ನೂ ನಡುದಾರೀಲಿ ಹಿಡಿದಿಟ್ಕೊಂಡೆ ನೀನು." ಅವಳ ದನಿ ಏರಲಿಲ್ಲ. "ನಾನಾಗಿ ಕರೆಯೋವರೆಗೂ ಬರಬೇಡ."

ಅದಾದ ಮೇಲೆ ಅವನು ಅತ್ತ ಹೋಗಲಿಲ್ಲ. ಎರಡು ಬೀದಿ ಆಚೆಗೇ ಅವಳ ಮನೆ. ತರಕಾರಿ ಅಂಗಡಿಯಲ್ಲಿ ಎದುರಾದರೆ ಅವಳು ಮುಖ ತಿರುಗಿಸುವುದಿಲ್ಲ. ಪರಿಚಯವಿಲ್ಲದವರಿಗೆ ದಾರಿ ಬಿಡುವಂತೆ ಸರಿದು ನಿಲ್ಲುತ್ತಾಳೆ. ಹಲ್ಲಿನ ಡಾಕ್ಟರು ಬೇರೊಂದು ಲಾರಿ ಕೊಂಡು ಹೇಳಿಕಳಿಸಿದಾಗ ಅವನು ಹೋಗಿ ನಂಬರು ಹುಡುಕಿಕೊಟ್ಟ. ಈ ಸಲ ನಂಬರು ಸರಿಯಾಗಿತ್ತು, ಕಾಗದಕ್ಕೆ ಹೊಂದುತ್ತಿತ್ತು. ಡಾಕ್ಟರು ಖುಷಿಯಿಂದ ಬೆನ್ನು ತಟ್ಟಿದರು. ಅವನು ಕೈಗೆ ಹತ್ತಿದ ಗ್ರೀಸನ್ನು ಹಳೇ ಬಟ್ಟೆಗೆ ಒರೆಸಿಕೊಂಡು ಬಸ್ಸಿಗೆ ನಡೆದ. ಅತ್ತಿಗೆ ಕರೆದಿಲ್ಲ. ಈಗ ಎರಡು ವರ್ಷವಾಯಿತು.