ಬಿಸಿಲಿನಲ್ಲಿ ಕೂಗಿದ ಮಂಜಿನ ಕಹಳೆ

ಆಕ್ಸೆಲ್ ತಾತನಿಗೆ ಅರುಳುಮರುಳು, ಅವನ ಹಡಗಿನ ಕತೆಗೆ ಪ್ರತಿಸಲ ಬಾಲ ಬೆಳೆಯುತ್ತದೆ ಎಂದು ನೀವು ಮೊಮ್ಮಕ್ಕಳು ಆಡಿಕೊಳ್ಳುವುದು ನನಗೆ ಗೊತ್ತು. ನಿಮ್ಮದೇ ಫೋನ್ ನಂಬರು ನಿಮಗೆ ನೆನಪಿಲ್ಲ, ನನ್ನ ನೆನಪನ್ನು ಅಳೆಯಲು ಬರುತ್ತೀರಿ. ಬೆಳಿಗ್ಗೆ ತಿಂದದ್ದನ್ನು ನಾನು ಮರೆಯಬಹುದು. ಸಾವಿರದ ಒಂಬೈನೂರ ಎಪ್ಪತ್ತರ ಜನವರಿಯನ್ನು ಮರೆಯುವುದಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತಿದ್ದೇನೆ, ಬಾಯಿ ಮುಚ್ಚಿಕೊಂಡು ಕೇಳಿ.

ನಮ್ಮ ಯೂಟ್ಲಂಡ್ ಕರಾವಳಿಯ ಪೂರ್ವಕ್ಕೆ, ಸಮುದ್ರದೊಳಗಿನ ಮರಳುದಿಬ್ಬದ ಪಕ್ಕ ಲಂಗರು ಹಾಕಿ ನಿಂತ ದೀಪದ ಹಡಗಿನಲ್ಲಿ ನಾವು ಎಂಟು ಜನ ಇದ್ದೆವು. ಎಲ್ಲಿಗೂ ಹೋಗದ ಹಡಗು ಅದು. ಬೇರೆ ಹಡಗುಗಳು ದಿಬ್ಬಕ್ಕೆ ಹತ್ತದಂತೆ ಕತ್ತಲಾದರೆ ದೀಪ ತೋರಿಸಬೇಕು, ಮಂಜು ಕವಿದರೆ ಕಹಳೆ ಊದಬೇಕು, ಅಷ್ಟೇ ಕೆಲಸ. ಕಹಳೆ ಅರ್ಧ ನಿಮಿಷಕ್ಕೊಮ್ಮೆ ನಾಲ್ಕು ಸೆಕೆಂಡು ಕೂಗುತ್ತಿತ್ತು. ಆಗ ಪಕ್ಕದವನ ಮಾತೂ ಕೇಳದು. ಹಾಗಾಗಿ ನಾವು ಮಾತನ್ನು ಅರ್ಧಕ್ಕೇ ನಿಲ್ಲಿಸಿ, ಕೂಗು ಮುಗಿದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದೆವು. ಊರಿಗೆ ಬಂದರೂ ಆ ಚಾಳಿ ಬಿಡುತ್ತಿರಲಿಲ್ಲ. ಅದೇ ಹಡಗಿನಲ್ಲಿದ್ದ ನನ್ನ ಅಣ್ಣ ವೆರ್ನರ್ ತನ್ನ ಮದುವೆಯ ದಿನ ಪಾದ್ರಿಯ ಪ್ರಶ್ನೆಗೆ ನಾಲ್ಕು ಸೆಕೆಂಡು ಸುಮ್ಮನೆ ನಿಂತು, ಆಮೇಲೆ ಹೂಂ ಅಂದಿದ್ದ. ಆ ನಾಲ್ಕು ಸೆಕೆಂಡಿಗಾಗಿ ಅತ್ತಿಗೆ ಅವನನ್ನು ಎಂದೂ ಕ್ಷಮಿಸಲಿಲ್ಲ.

ಕ್ರಿಸ್‌ಮಸ್ ಕಳೆದ ಮೇಲೆ ಟಪಾಲು ದೋಣಿಯ ಜೊತೆ ಫ್ಲೂ ಜ್ವರ ಬಂತು. ಮೊದಲು ಬಿದ್ದವನು ಅಡುಗೆಯ ಎಗೋನ್. ದೈವಭಕ್ತ, ಕುಡಿಯುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ, ಸೇದುವುದಿಲ್ಲ. ವೆರ್ನರ್ ಪೈಪನ್ನು ಬಾಯಿಂದ ಇಳಿಸುತ್ತಿದ್ದುದು ಹೆರಿಂಗ್ ಮೀನು ತಿನ್ನುವಾಗ ಮಾತ್ರ.

"ನೋಡ್ದೇನೋ ಆಕ್ಸೆಲ್, ಸೇದದೋನೇ ಮೊದ್ಲು ಬಿದ್ದ," ಅಂದ ವೆರ್ನರ್. "ಹೊಗೆ ಹಾಕಿದ್ ಮೀನು ಯಾವತ್ತಾದ್ರೂ ಕೊಳೀತದಾ? ನಮ್ ಎದೆನೂ ಹಂಗೇ."

"ಮೀನು ಮೊದ್ಲೇ ಸತ್ತಿರ್ತದೆ ಕಣಪ್ಪಾ," ಅಂದ ಎಗೋನ್, ಮಲಗಿದ್ದಲ್ಲಿಂದಲೇ.

ನಾವೆಲ್ಲ ನಕ್ಕೆವು. ಮೂರನೆಯ ದಿನ ವೆರ್ನರ್ ಮಲಗಿದ. ಅದೇ ದಿನ ಮಂಜೂ ಇಳಿಯಿತು.

ಈಗ ನಾನು ಮಾಡಿದ ಕೆಲಸ ಹೇಳುತ್ತೇನೆ, ಯಾರೂ ಸಮಾಧಾನ ಹೇಳಬೇಡಿ. ಅವನ ಕೋಣೆಯ ದುಂಡು ಕಿಟಕಿ ಮುಚ್ಚಿದೆ. ಬಾಗಿಲ ಸಂದಿಗೆ ಚಿಂದಿ ತುರುಕಿದೆ. ಮೀನಿಗೆ ಹೊಗೆ ಹಾಕುವ ಮನೆಯಲ್ಲೇ ಬೆಳೆದವರು ನಾವು. ರೋಗಕ್ಕೂ ಹಾಗೇ ಹೊಗೆ ಹಾಕೋಣ ಎಂದುಕೊಂಡೆ. ಇಬ್ಬರು ಗೆಳೆಯರನ್ನು ಕೂರಿಸಿಕೊಂಡು ಎದುರಿನವನ ಮುಖ ಕಾಣದಷ್ಟು ಸೇದಿದೆ. ಅಣ್ಣನ ಪೈಪನ್ನು ನಾನೇ ಹೊತ್ತಿಸಿ ಅವನ ತುಟಿಗಿಟ್ಟೆ.

"ಎಳಿ ಅಣ್ಣಾ, ಇನ್ನೊಂದ್ ದಮ್ಮು."

"ಆಗ್ತಿಲ್ವೋ."

"ಎಳಿ ಅಂದ್ನಲ್ಲ."

ಎಳೆದ. ನಾನು ಹೇಳಿದೆನೆಂದು ಎಳೆದ.

ಎಗೋನ್ ನಾಲ್ಕೇ ದಿನಕ್ಕೆ ಎದ್ದು ಗಂಜಿ ಕಾಯಿಸುತ್ತಿದ್ದ. ಅವನಿಗೂ ವೆರ್ನರನಿಗೂ ಬಂದದ್ದು ಒಂದೇ ಜ್ವರ, ಒಂದೇ ದೋಣಿಯಿಂದ. ವೆರ್ನರನ ತುಟಿ ಮಾತ್ರ ಸೀಸದ ಬಣ್ಣಕ್ಕೆ ತಿರುಗಿತ್ತು. ಎಗೋನ್ ಬಂದು ಕಿಟಕಿ ತೆರೆದ. ಹೊಗೆ ಹೋಯಿತು, ಮಂಜು ಒಳಗೆ ಬಂತು. ಆಗಲೇ ನಾನು ಅದನ್ನು ಗಮನಿಸಿದ್ದು.

ಕಹಳೆ ಕೂಗುವಾಗ ಅಣ್ಣ ಉಸಿರು ನಿಲ್ಲಿಸುತ್ತಿದ್ದ. ಕೂಗು ಮುಗಿದೊಡನೆ ಬಿಟ್ಟಲ್ಲಿಂದ ಉಸಿರಾಡುತ್ತಿದ್ದ. ಅವನಿಗೆ ಪ್ರಜ್ಞೆಯೇ ಇರಲಿಲ್ಲ. ಎದೆ ಗೊರಗೊರ ಎನ್ನುತ್ತದೆ, ಕಹಳೆ ಕೂಗುತ್ತದೆ, ಎದೆ ಸ್ತಬ್ಧ. ಕಹಳೆ ನಿಲ್ಲುತ್ತದೆ, ಮತ್ತೆ ಗೊರಗೊರ. ಒಂದು ಸಲವೂ ತಪ್ಪಲಿಲ್ಲ.

ಮರುದಿನ ಮಧ್ಯಾಹ್ನ ಮಂಜು ಹರಿದು ಬಿಸಿಲು ಬಂತು. ಕ್ಯಾಪ್ಟನ್ ಥೋರ್ಕಿಲ್ ಅಣ್ಣನನ್ನು ದಡಕ್ಕೆ ಒಯ್ಯಲು ರೇಡಿಯೋದಲ್ಲಿ ದೋಣಿ ಕರೆದು, ಕಹಳೆ ನಿಲ್ಲಿಸಿದರು. ಅರ್ಧ ನಿಮಿಷ ಕಳೆಯಿತು. ಅಣ್ಣ ಉಸಿರು ನಿಲ್ಲಿಸಿದ. ಕೂಗು ಮುಗಿಯಲೆಂದು ಕಾಯುತ್ತಿದ್ದ. ಕೂಗೇ ಇರಲಿಲ್ಲ. ನಾಲ್ಕು ಎಣಿಸಿದೆ, ಹತ್ತು ಎಣಿಸಿದೆ, ಹದಿನೆಂಟು.

ಮೆಟ್ಟಿಲ ಬಳಿ ನಿಂತು ಕೂಗಿಕೊಂಡೆ. "ಕ್ಯಾಪ್ಟನ್ರೇ, ಊದ್ಸಿ."

"ಬಿಸ್ಲಲ್ಲಿ ಮಂಜಿನ್ ಕಹಳೆ ಊದಕ್ಕೆ ನಂಗೇನ್ ತಲೆ ಕೆಟ್ಟಿದ್ಯಾ? ಬೇರೆ ಹಡಗಿನೋರು ಏನಂದ್ಕೋತಾರೆ?"

"ಅಣ್ಣ ಕಾಯ್ತಾ ಇದಾನೆ. ನಿಮ್ ಕಾಲಿಗ್ ಬೀಳ್ತೀನಿ, ಊದ್ಸಿ."

ಅವರು ಇಳಿದು ಬಂದು ಅಣ್ಣನ ಮುಖ ನೋಡಿದರು. ಮೇಲೆ ಹತ್ತಿ ಹೋಗಿ ಊದಿಸಿದರು. ಕೂಗು ಮುಗಿಯಿತು. ಗೊರಗೊರ.

ಹೀಗೆ ಎರಡು ಗಂಟೆ, ಕಣ್ಣು ಕುಕ್ಕುವ ಬಿಸಿಲಿನಲ್ಲಿ ನಮ್ಮ ಕಹಳೆ ಕೂಗಿತು. ಒಂದು ಸ್ವೀಡನ್ ಹಡಗು ದಾರಿ ಬಿಟ್ಟು ದೂರ ಸರಿದು ಹೋಯಿತು. ಅದರ ಕಟಕಟೆಗೆ ಒರಗಿ ನಿಂತ ಜನ ನಮ್ಮತ್ತ ನೋಡುತ್ತಿದ್ದರು. ಯಾರೂ ಕೈ ಬೀಸಲಿಲ್ಲ.

ದೋಣಿ ಬಂತು. ಅಣ್ಣನನ್ನು ಇಳಿಸಿ ನಾನೂ ಹತ್ತಿದೆ. ದೂರ ಹೋದಂತೆ ಕಹಳೆ ಕ್ಷೀಣವಾಯಿತು, ಆಮೇಲೆ ಇಲ್ಲವಾಯಿತು. ಗಡಿಯಾರ ನೋಡಿಕೊಂಡು ನಾನೇ ಅವನ ಕಿವಿಗೆ ಬಾಯಿಟ್ಟು ಕಹಳೆಯ ದನಿಯಲ್ಲಿ ಊದತೊಡಗಿದೆ. ಅರ್ಧ ನಿಮಿಷಕ್ಕೊಮ್ಮೆ, ನಾಲ್ಕು ಸೆಕೆಂಡು. ನಾನು ನಿಲ್ಲಿಸಿದರೆ ಅವನು ಉಸಿರಾಡುತ್ತಿದ್ದ. ದೋಣಿಯವನು ಶಿಲುಬೆಯ ಗುರುತು ಮಾಡಿಕೊಂಡು ಮುಖ ತಿರುಗಿಸಿದ.

ದಡದಲ್ಲಿ ಡಾಕ್ಟರು ಕಾಯುತ್ತಿದ್ದರು. ಸ್ಟೆತಾಸ್ಕೋಪನ್ನು ಅಣ್ಣನ ಎದೆಗಿಟ್ಟರು. ನಾನು ಊದಿದೆ.

"ಸುಮ್ನಿರಯ್ಯಾ," ಅಂದರು. "ನೀನು ಹಿಂಗ್ ಅರಚ್ತಿದ್ರೆ ನಂಗ್ ಎದೆ ಕೇಳ್ಸೋದ್ ಹೆಂಗೆ?"

ಡಾಕ್ಟರು ಹೇಳಿದರಲ್ಲ, ಸುಮ್ಮನಾದೆ. ಅವರು ಎದೆಯನ್ನು ಆಲಿಸಿದರು. ಬಹಳ ಹೊತ್ತು ಆಲಿಸಿದರು. ಆಮೇಲೆ ಕಿವಿಯಿಂದ ಕೊಳವೆ ತೆಗೆದು ಕೇಳಿದರು, "ಎಷ್ಟ್ ಸೇದ್ತಿದ್ದ?"

ನಾನು ಸುಮ್ಮನಾದದ್ದೇ ಅವನನ್ನು ಕೊಂದಿತು ಎಂದು ಇಪ್ಪತ್ತು ವರ್ಷ ಅಂದುಕೊಂಡೆ. ಅದು ನನಗೆ ಅನುಕೂಲವಾದ ಸುಳ್ಳು. ಹಾಗಾದರೆ ತಪ್ಪು ನನ್ನನ್ನು ಸುಮ್ಮನಿರಿಸಿದ ಡಾಕ್ಟರದ್ದಾಗುತ್ತದೆ, ಪೈಪು ಹೊತ್ತಿಸಿದ ತಪ್ಪು ನನ್ನದು. ಜ್ವರ ಎಲ್ಲರಿಗೂ ಬಂತು, ಏಳು ಜನ ಎದ್ದೆವು. ಹೊಗೆಯಿಂದ ಮೊದಲೇ ಸವೆದ ಎದೆಗೆ, ಅವನು ಏದುಸಿರು ಬಿಡುತ್ತಿದ್ದಾಗ ಮತ್ತಷ್ಟು ಹೊಗೆ ತುಂಬಿದವನು ನಾನು.

ಈಗ ನೆಗಡಿ ಕೆಮ್ಮು ಹಿಡಿದೂ ಬಾಗಿಲಾಚೆ ನಿಂತು ಸಿಗರೇಟು ಸೇದುವವರು ನಿಮ್ಮ ಪೈಕಿ ಯಾರಿದ್ದಾರೋ, ಅವರಿಗೆ ಇದನ್ನು ಕಳಿಸಿ. ಅವರಿಗೆ ಬೆಂಕಿಕಡ್ಡಿ ಗೀರಿ ಕೊಡುವವರಿಗೆ ಮೊದಲು ಕಳಿಸಿ.