ಗೋಡೆ ನೋಡುವ ಕುರ್ಚಿಗಳು

"ಅದನ್ನ ತಿರುಗಿಸಬೇಡಿ" ಎಂದು ಮಗಳು ಹೇಳುವಷ್ಟರಲ್ಲಿ ಪಕ್ಕದ ಮನೆಯ ಟೈಲರ್ ಒಂದು ಕುರ್ಚಿಯನ್ನು ಎತ್ತಿ ಇನ್ನೊಂದರ ಎದುರಿಗೆ ಇಟ್ಟಾಗಿತ್ತು.

"ಬಂದವರು ಎದುರುಬದುರು ಕೂತ್ಕೊಳ್ಳಲಿ ಅಂತ" ಎಂದ ಅವನು. "ಇವು ಯಾಕಮ್ಮ ಗೋಡೆ ನೋಡ್ತಾ ಕೂತಿವೆ?"

"ಅಪ್ಪನವು" ಎಂದಳು. ಅಷ್ಟು ಸಾಕಾಯಿತು. ಸತ್ತವರ ಇಷ್ಟದ ಮೇಲೆ ಯಾರೂ ವಾದಕ್ಕಿಳಿಯುವುದಿಲ್ಲ. ಟೈಲರ್ ಕುರ್ಚಿಯನ್ನು ಮೊದಲಿನಂತೆ ಇನ್ನೊಂದರ ಪಕ್ಕಕ್ಕೆ ಸೇರಿಸಿದ.

ನಡುಮನೆಯಲ್ಲಿ ಅಪ್ಪ ಬಿಳಿ ಹೊದಿಕೆಯೊಳಗೆ ಮಲಗಿದ್ದ. ಒಂದು ಆಯಸ್ಸಿಡೀ ಬಸ್ಸು ಓಡಿಸಿದವನು. ಕೈಗಳನ್ನು ಎದೆಯ ಮೇಲೆ ಜೋಡಿಸಿದ್ದರೂ ಬೆರಳುಗಳು ಸ್ಟೇರಿಂಗ್ ಹಿಡಿದ ಹಾಗೇ ಬಾಗಿದ್ದವು. ಕಿಟಕಿಯಿಂದ ಬಂದ ಬಿಸಿಲಿನಲ್ಲಿ ಧೂಳಿನ ಕಣಗಳು ತೇಲುತ್ತಿದ್ದವು. ಕಣ್ಣಿಗೆ ನಿದ್ದೆ ಹತ್ತದ ಮಗಳಿಗೆ ಮನೆಯೂ ಮನೆಯ ಜನರೂ ಹಾಗೆಯೇ ನೆಲ ಬಿಟ್ಟು ತೇಲುತ್ತಿರುವಂತೆ ಕಂಡಿತು. ಬಂದವರ ಮಾತು ಎಲ್ಲೋ ಎರಡು ಮನೆಯಾಚೆ ಹಚ್ಚಿದ ರೇಡಿಯೊದಂತೆ ಕೇಳಿಸುತ್ತಿತ್ತು.

"ಅಕ್ಕ, ಇನ್ನರ್ಧ ಗಂಟೇಲಿ ವ್ಯಾನು ಬರುತ್ತಂತೆ. ಅಮ್ಮನಿಗೆ ಹೇಳು" ಎಂದ ತಮ್ಮ.

ಅಮ್ಮ ಅಲ್ಲೇ, ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದಳು. ಕೈಚಾಚಿದರೆ ಸಿಗುವಷ್ಟು ಹತ್ತಿರ. ಮಗಳು ಹೋಗಿ ಹೇಳಿದಳು.

"ಬೆಳಗ್ಗಿಂದ ಒಂದು ಲೋಟ ಚಹಾನೂ ಕುಡಿದಿಲ್ಲ. ಕುಡಿ ಅಂತ ಹೇಳು ಅವನಿಗೆ" ಎಂದಳು ಅಮ್ಮ.

ಮಗಳು ತಿರುಗಿ ಬಂದು ಅದನ್ನೂ ಹೇಳಿದಳು. ಹೇಳಿ ಮುಗಿಸಿದ ಮೇಲೆ ತಾನು ಮಾಡುತ್ತಿರುವುದೇನೆಂದು ಹೊಳೆಯಿತು. ಮನೆಯಿಂದ ಓಡಿಸಿದ್ದ ನೆಂಟನ ಹಾಗೆ ಆ ಹಳೆಯ ಮೌನ ಸಮಯ ನೋಡಿ ಹಿಂಬಾಗಿಲಿನಿಂದ ಬಂದು ಕೂತುಬಿಟ್ಟಿತ್ತು.

ತಮ್ಮನನ್ನು ಹಿತ್ತಲಿಗೆ ಕರೆದಳು. "ನಿನ್ನ ಬಾಯಿಗೇನಾಗಿದೆ? ನೀನೇ ಹೇಳಬಾರದಾ?"

"ಅವಳ ಮುಖ ನೋಡಿದ್ರೆ ಏನಾದ್ರೂ ಅಂದ್ಬಿಡ್ತೀನಿ, ಅಕ್ಕ." ಅವನು ಬಟ್ಟೆ ಒಣಹಾಕುವ ತಂತಿಯನ್ನು ಹಿಡಿದು ನಿಂತ. ನೀರು ಸರಬರಾಜಿನ ಪಂಪುಮನೆಯಲ್ಲಿ ಅವನದು ರಾತ್ರಿಪಾಳಿ. "ಅಪ್ಪನಿಗೆ ಎದೆ ಉರಿ ಶುರುವಾಗಿದ್ದು ಸಂಜೆ. ನಾನು ಬಂದಿದ್ದು ಬೆಳಗ್ಗೆ. ಮಧ್ಯದಲ್ಲಿ ಒಂದು ಫೋನ್ ಮಾಡೋಕಾಗ್ಲಿಲ್ವಾ ಅವಳಿಗೆ? ನೀನೇ ಕೇಳು."

ಅಪ್ಪನೇ ಫೋನ್ ಮಾಡಬೇಡವೆಂದಿದ್ದನೆಂದು ಮಗಳಿಗೆ ಗೊತ್ತಿತ್ತು. ಅಮ್ಮ ಬೆಳಗ್ಗೆ ಅವಳ ಹೆಗಲಿಗೊರಗಿ ಅದನ್ನು ಹೇಳಿದ್ದಳು. ಹೇಳಿಬಿಡೋಣವೆಂದು ನಾಲಗೆಯ ತುದಿಯವರೆಗೂ ಬಂತು. ಕಷ್ಟಪಟ್ಟು ನುಂಗಿಕೊಂಡಳು.

"ನಾನು ಕೇಳಲ್ಲ" ಎಂದಳು.

*

ಚಿಕ್ಕವಳಿದ್ದಾಗ ಅವಳನ್ನು ಎಲ್ಲರೂ ಅಂಚೆ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಮಾತು ಬಿಟ್ಟಿದ್ದರು. ಯಾಕೆಂದು ಕೊನೆಕೊನೆಗೆ ಅವರಿಗೇ ಮರೆತಿತ್ತು. "ನಿಮ್ಮಪ್ಪನಿಗೆ ಹೇಳು, ಊಟಕ್ಕಾಯ್ತು." "ನಿಮ್ಮಮ್ಮನಿಗೆ ಹೇಳು, ಹಸಿವಿಲ್ಲ." ತಾಟು ಅಲ್ಲೇ, ಅಪ್ಪ ಅಲ್ಲೇ, ಅಮ್ಮ ಅಲ್ಲೇ. ನಡುವೆ ಇವಳೊಬ್ಬಳ ಓಡಾಟ. ಕಹಿ ಮಾತಿಗೆ ದಾರಿಯಲ್ಲೇ ಒಂದಿಷ್ಟು ಸಕ್ಕರೆ ಬೆರೆಸುವುದನ್ನೂ ಕಲಿತಿದ್ದಳು. ಶಾಲೆಯಲ್ಲಿ ಮಾತ್ರ ಅವಳಿಗೆ ಬಾಯಿಯೇ ಇರಲಿಲ್ಲ. "ನಿನಗೇನು ಬೇಕು?" ಎಂದರೆ ಉತ್ತರ ತೋಚುತ್ತಿರಲಿಲ್ಲ. ಟೀಚರ್ ಅಪ್ಪ ಅಮ್ಮ ಇಬ್ಬರನ್ನೂ ಕರೆಸಿ, ಔಷಧಿ ಅಂಗಡಿಯ ಮೇಲಿದ್ದ ಆಪ್ತಸಲಹೆಗಾರ್ತಿಯ ಹತ್ತಿರ ಕಳಿಸಿದರು.

ಆಕೆ ಇಬ್ಬರನ್ನೂ ಎದುರುಬದುರು ಕೂರಿಸಿ, "ಒಬ್ಬರ ಮುಖ ಒಬ್ಬರು ನೋಡಿ ಮಾತಾಡಿ" ಎಂದರು. ಅಪ್ಪ ಫ್ಯಾನು ನೋಡಿದ. ಅಮ್ಮ ಕಾಲಬೆರಳು ನೋಡಿದಳು. ಮುಂದಿನ ವಾರವೂ ಅದೇ ಫ್ಯಾನು, ಅದೇ ಬೆರಳು. ಸಲಹೆಗಾರ್ತಿಗೂ ಸಾಕಾಗಿರಬೇಕು. ಒಂದು ಸಂಜೆ ಬೇಗ ಮುಗಿಸಿ ಅವರ ಜೊತೆಗೇ ಬಸ್ಸು ಹತ್ತಿದರು.

ಬಸ್ಸಿನಲ್ಲಿ ಅಪ್ಪ ಅಮ್ಮನಿಗೆ ಮುಂದಿನ ಸೀಟು ಸಿಕ್ಕಿತು. ಹಿಂದೆ ಮಕ್ಕಳು, ಸಲಹೆಗಾರ್ತಿ. ಹೊರಗೆ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದವು. ಅಪ್ಪ ರಸ್ತೆ ನೋಡುತ್ತಲೇ, "ಇವನು ಕ್ಲಚ್ ಸವೆಸ್ತಾನೆ" ಎಂದ. ಯಾರಿಗೆಂದು ಹೇಳಲಿಲ್ಲ. ಎರಡು ನಿಲ್ದಾಣ ಕಳೆದವು. "ಅವತ್ತು ನೀನು ಬಚ್ಚಲಲ್ಲಿ ಅತ್ತಿದ್ದು ನನಗೆ ಕೇಳಿಸಿತ್ತು. ಒಳಗೆ ಬರೋಕೆ ಧೈರ್ಯ ಆಗಲಿಲ್ಲ."

ಅಮ್ಮನೂ ರಸ್ತೆಯನ್ನೇ ನೋಡುತ್ತ, "ಬಾಗಿಲು ಹಾಕಿರಲಿಲ್ಲ" ಎಂದಳು.

ಸಲಹೆಗಾರ್ತಿ ಹಣೆ ಚಚ್ಚಿಕೊಂಡರು. ಹುಟ್ಟಾ ಡ್ರೈವರನನ್ನು ಮುಖ ನೋಡಿ ಮಾತಾಡೆಂದು ಪೀಡಿಸಿದ್ದರಲ್ಲ! ಮುಂದಿನ ವಾರ ಅವರ ಕೋಣೆಯ ಕುರ್ಚಿಗಳು ಅಕ್ಕಪಕ್ಕ ನಿಂತು ಕಿಟಕಿ ನೋಡುತ್ತಿದ್ದವು. ಮಗಳ ತಲೆ ಸವರಿ, "ಇವತ್ತಿಂದ ಅಂಚೆಗೆ ರಜ" ಎಂದರು.

ಮನೆಯ ನಡುಮನೆಯಲ್ಲಿ ಕುರ್ಚಿಗಳಿದ್ದ ಬದಿಗೆ ಕಿಟಕಿಯಿರಲಿಲ್ಲ. ಅಪ್ಪ ಎರಡು ಕುರ್ಚಿಯನ್ನೂ ಗೋಡೆಗೇ ತಿರುಗಿಸಿದ. ಯಾರಿಗಾದರೂ ಮನಸ್ಸು ಭಾರವಾದರೆ, "ರೂಟಿಗೆ ಹೋಗೋಣ್ವಾ?" ಎನ್ನುತ್ತಿದ್ದ. ಇಬ್ಬರೂ ಹೋಗಿ ಬರೀ ಗೋಡೆಯನ್ನು ರಸ್ತೆಯ ಹಾಗೆ ನೋಡುತ್ತ ಕೂರುತ್ತಿದ್ದರು. ಬಂದ ನೆಂಟರು ಟಿವಿ ಎಲ್ಲಿ ಎಂದು ಹುಡುಕುತ್ತಿದ್ದರು. ಜಗಳ ನಿಲ್ಲಲಿಲ್ಲ, ಆದರೆ ಮೌನ ರಾತ್ರಿ ಕಳೆದು ಬೆಳಗಿನವರೆಗೂ ಉಳಿಯುವುದು ನಿಂತಿತು. ತಮ್ಮ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದದ್ದನ್ನು, ಅವಳು ತಾನೇ ಗಂಡು ಹುಡುಕಿಕೊಂಡದ್ದನ್ನು ಹೇಳಿದ್ದು ಆ ಗೋಡೆಗೇ.

*

ವ್ಯಾನು ಬಂತು. ಅಪ್ಪನ ಜೊತೆ ಬಹುಕಾಲ ದುಡಿದ ಕಂಡಕ್ಟರ್ ಮಾವ ಎಲ್ಲರಿಗೂ ಜಾಗ ಹಂಚತೊಡಗಿದ. ಅದು ಅವನಿಗೆ ಬಿಟ್ಟುಹೋಗದ ಚಟ.

"ಮಗ ಹಿಂದೆ ಅಪ್ಪನ ಹತ್ರ ಕೂರಲಿ. ನೀನೂ ಅಮ್ಮನೂ ಮುಂದೆ."

"ಇಲ್ಲ ಮಾವ. ಹಿಂದೆ ನಾನು ಕೂತ್ಕೋತೀನಿ."

"ಅಕ್ಕ" ಎಂದ ತಮ್ಮ ತಗ್ಗಿದ ದನಿಯಲ್ಲಿ, "ಕಿಟಕಿ ಪಕ್ಕ ಬೇಕಾ ಅಂತ ಅಮ್ಮನ್ನ ಕೇಳು."

ಅವಳಿಗೆ ದುಃಖ ಒತ್ತರಿಸಿ ಬಂತು. ಅಪ್ಪ ಹೋದದ್ದು ಆಗಲೇ ಪೂರ್ತಿ ತಿಳಿದದ್ದು. ಇನ್ನು ರೂಟಿಗೆ ಕರೆಯುವವರು ಯಾರೂ ಇರಲಿಲ್ಲ.

"ನನಗೆ ರಜ ಕಣೋ" ಎಂದಳು. ಅಮ್ಮನ ಕೈಯನ್ನು ತಂದು ಅವನ ಕೈಯಲ್ಲಿಟ್ಟಳು. "ಹೋಗಿ. ಇಬ್ಬರೂ ರೂಟಿಗೆ ಹೋಗಿ ಬನ್ನಿ."

ಅಮ್ಮ ಅವಳನ್ನೊಮ್ಮೆ ನೋಡಿದಳು. ಮಗನ ಕೈ ಬಿಡದೆ ಮುಂದಿನ ಸೀಟು ಹತ್ತಿದಳು.

ಹಿಂದಿನ ಬಾಗಿಲು ಮುಚ್ಚಿದ ಕಂಡಕ್ಟರ್ ಮಾವ ವ್ಯಾನಿನ ಮೈಯನ್ನು ಎರಡು ಸಲ ತಟ್ಟಿ, "ರೈಟ್" ಎಂದ. ಅಂದವನೇ ಬಾಯಿಗೆ ಕೈ ಅಡ್ಡ ಹಿಡಿದು ಅತ್ತುಬಿಟ್ಟ.

ವ್ಯಾನು ಮೆಲ್ಲಗೆ ಸಾಗಿತು. ಮನೆಗಳು, ಅಂಗಡಿಗಳು, ಅಪ್ಪ ದಿನವೂ ದಾಟುತ್ತಿದ್ದ ನಿಲ್ದಾಣಗಳು ನಿದ್ದೆಯಲ್ಲಿದ್ದಂತೆ ಹಿಂದಕ್ಕೆ ಸರಿದವು. ಅವಳಿಗೂ ಮುಂದಿನ ಸೀಟಿಗೂ ನಡುವೆ ಒಂದು ಗಾಜು. ಗಾಜಿನಾಚೆ, ಡ್ರೈವರನ ಪಕ್ಕದಲ್ಲಿ, ಎರಡು ತಲೆಗಳು, ಎರಡೂ ರಸ್ತೆಯನ್ನೇ ನೋಡುತ್ತಿದ್ದವು. ಮೊದಲ ತಿರುವು ಕಳೆಯಿತು. ಸೇತುವೆ ಕಳೆಯಿತು. ಆಮೇಲೆ ಅಮ್ಮನ ಕೆನ್ನೆ ಅಲುಗಿತು. ತಮ್ಮ ಏನೋ ಅಂದ. ಅಮ್ಮ ಮತ್ತೆ ಏನೋ ಅಂದಳು, ಬಹಳ ಹೊತ್ತು, ಮುಖ ತಿರುಗಿಸದೆ. ತಮ್ಮನ ಹೆಗಲು ಕುಸಿದು, ತಲೆ ಮೆಲ್ಲಗೆ ಅಮ್ಮನ ಕಡೆ ವಾಲಿತು.

ಗಾಜು ದಪ್ಪವಿತ್ತು. ಒಂದು ಮಾತೂ ಈಚೆ ಬರಲಿಲ್ಲ. ಮಗಳು ಕಿವಿಗೊಡಲೂ ಇಲ್ಲ. ಅಪ್ಪನ ಬಾಗಿದ ಬೆರಳುಗಳ ಮೇಲೆ ಕೈಯಿಟ್ಟು, ಅವರಿಬ್ಬರ ತಲೆಗಳ ನಡುವಿನಿಂದ ಕಾಣುತ್ತಿದ್ದ ರಸ್ತೆಯನ್ನು ನೋಡುತ್ತ ಕೂತಳು.